ಧ್ವನಿ ಸಾಧನಗಳ ಮೌಲ್ಯಮಾಪನದಲ್ಲಿ ಪೂರ್ವಗ್ರಹ

ಧ್ವನಿ ಸಾಧನಗಳ ಮೌಲ್ಯಮಾಪನದಲ್ಲಿ ಪೂರ್ವಗ್ರಹ ಎಂದರೆ ಸ್ಪೀಕರ್, ಆಂಪ್ಲಿಫೈಯರ್, ಹೆಡ್‌ಫೋನ್, ಕೇಬಲ್ ಮೊದಲಾದ ಸಾಧನಗಳ ಗುಣಮಟ್ಟವನ್ನು ಕೇಳಿ ನಿರ್ಣಯಿಸುವಾಗ, ಕಿವಿಗೆ ತಲುಪುವ ಧ್ವನಿಗೆ ಸಂಬಂಧಿಸದ ಸಂಗತಿಗಳು ಆ ನಿರ್ಣಯವನ್ನು ಬದಲಿಸುವುದು. ಸಾಧನದ ಬೆಲೆ, ತಯಾರಕರ ಹೆಸರು, ಗಾತ್ರ, ಹೊರನೋಟ, ಮೊದಲೇ ಓದಿದ ವಿಮರ್ಶೆ, ಮಾರಾಟಗಾರರ ಮಾತು ಇವು ಇಂತಹ ಸಂಗತಿಗಳಲ್ಲಿ ಮುಖ್ಯವಾದವು. ಇವುಗಳ ಪ್ರಭಾವಕ್ಕೆ ಒಳಗಾದ ಕೇಳುಗರು ಸುಳ್ಳು ಹೇಳುತ್ತಿರುವುದಿಲ್ಲ. ಎರಡು ಸಾಧನಗಳ ನಡುವೆ ವ್ಯತ್ಯಾಸವಿದೆ ಎಂಬ ಅನುಭವ ಅವರಿಗೆ ನಿಜವಾಗಿಯೇ ಆಗಿರುತ್ತದೆ. ಆದರೆ ಆ ಅನುಭವದ ಕಾರಣ ಸಾಧನದ ಧ್ವನಿಯಲ್ಲಿ ಇಲ್ಲದಿರಬಹುದು. ಈ ಕಾರಣದಿಂದ ಧ್ವನಿವಿಜ್ಞಾನದ ಸಂಶೋಧನೆಯಲ್ಲಿ, ಯಾವ ಸಾಧನ ನುಡಿಯುತ್ತಿದೆ ಎಂಬುದನ್ನು ಕೇಳುಗರಿಂದ ಮರೆಮಾಡಿ ನಡೆಸುವ ಪರೀಕ್ಷೆಗಳನ್ನು ಬಳಸಲಾಗುತ್ತದೆ. ಇವುಗಳನ್ನು ಬ್ಲೈಂಡ್ ಟೆಸ್ಟ್ ಅಥವಾ ಮರೆ ಪರೀಕ್ಷೆ ಎನ್ನುತ್ತಾರೆ.

ಧ್ವನಿ ಸಾಧನಗಳ ಬೆಲೆ ಕೆಲವು ನೂರು ರೂಪಾಯಿಗಳಿಂದ ಹಲವು ಲಕ್ಷ ರೂಪಾಯಿಗಳವರೆಗೆ ಇರುತ್ತದೆ. ಆದ್ದರಿಂದ ಕೇಳಿಸಿದ ವ್ಯತ್ಯಾಸ ಎಲ್ಲಿಂದ ಬಂತು ಎಂಬ ಪ್ರಶ್ನೆ ವಿಜ್ಞಾನಕ್ಕೆ ಮಾತ್ರವಲ್ಲದೆ ಗ್ರಾಹಕರಿಗೂ, ಸಾಧನಗಳನ್ನು ರೂಪಿಸುವ ಎಂಜಿನಿಯರುಗಳಿಗೂ, ಧ್ವನಿಮುದ್ರಣ ಮಾಡುವವರಿಗೂ ಮುಖ್ಯವಾದುದು.

ಇತಿಹಾಸ

ಯಂತ್ರದ ಧ್ವನಿಯನ್ನು ಸಾರ್ವಜನಿಕರ ಮುಂದೆ ಪರೀಕ್ಷೆಗೆ ಒಡ್ಡಿದ ಆರಂಭಿಕ ಪ್ರಯತ್ನಗಳಲ್ಲಿ ಥಾಮಸ್ ಆಲ್ವಾ ಎಡಿಸನ್ ಅವರ ಕಂಪನಿಯು 1915ರಿಂದ ಅಮೆರಿಕದಾದ್ಯಂತ ನಡೆಸಿದ 'ಟೋನ್ ಟೆಸ್ಟ್' ಪ್ರದರ್ಶನಗಳು ಪ್ರಸಿದ್ಧವಾಗಿವೆ. ವೇದಿಕೆಯ ಮೇಲೆ ಫೋನೋಗ್ರಾಫ್ ಪಕ್ಕದಲ್ಲಿ ಗಾಯಕರು ನಿಂತು ತಮ್ಮದೇ ಧ್ವನಿಮುದ್ರಿಕೆಯೊಂದಿಗೆ ಹಾಡುತ್ತಿದ್ದರು. ನಡುವೆ ಹಾಡುವುದನ್ನು ನಿಲ್ಲಿಸುತ್ತಿದ್ದರು ಅಥವಾ ಸಭಾಂಗಣದ ದೀಪಗಳನ್ನು ಆರಿಸಲಾಗುತ್ತಿತ್ತು. ಮನುಷ್ಯರ ಕಂಠ ಯಾವುದು, ಯಂತ್ರದ ಧ್ವನಿ ಯಾವುದು ಎಂದು ಗುರುತಿಸಲಾಗಲಿಲ್ಲವೆಂದು ಪ್ರೇಕ್ಷಕರು ಹೇಳಿದುದು ಆ ಕಾಲದ ಪತ್ರಿಕೆಗಳಲ್ಲಿ ವರದಿಯಾಯಿತು. 1916ರಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಗಾಯಕಿ ಮೇರಿ ರ‍್ಯಾಪಲ್ಡ್ ಅವರೊಂದಿಗೆ ಇಂತಹ ಪ್ರದರ್ಶನ ನಡೆಯಿತು.

ಆಗಿನ ಧ್ವನಿಮುದ್ರಣದಲ್ಲಿ ಮೈಕ್ರೋಫೋನ್ ಇರಲಿಲ್ಲ. ತುತ್ತೂರಿಯಾಕಾರದ ಕೊಳವೆಯ ಮೂಲಕ ನಡೆಯುತ್ತಿದ್ದ ಮುದ್ರಣದಲ್ಲಿ ಅತಿ ತಗ್ಗಿನ ಮತ್ತು ಅತಿ ಎತ್ತರದ ಸ್ವರಾಂಶಗಳು ಬಹುಮಟ್ಟಿಗೆ ನಷ್ಟವಾಗುತ್ತಿದ್ದವು. ಆದರೂ ಪ್ರೇಕ್ಷಕರು ವ್ಯತ್ಯಾಸವನ್ನು ಗಮನಿಸದಿದ್ದುದಕ್ಕೆ ಎರಡು ಕಾರಣಗಳನ್ನು ನೀಡಲಾಗುತ್ತದೆ. ಮೊದಲನೆಯದಾಗಿ, ಏನನ್ನು ಕೇಳಬೇಕೆಂಬುದನ್ನು ಅವರಿಗೆ ಮೊದಲೇ ತಿಳಿಸಲಾಗಿತ್ತು. ಎರಡನೆಯದಾಗಿ, ಗಾಯಕರು ತಮ್ಮ ಕಂಠವನ್ನು ಯಂತ್ರದ ಧ್ವನಿಗೆ ಹೊಂದಿಸಿಕೊಳ್ಳುತ್ತಿದ್ದರು. ಈ ಪ್ರದರ್ಶನಗಳಲ್ಲಿ ಹಾಡಿದ ಆ್ಯನಾ ಕೇಸ್ ಮುಂದೆ ಇದನ್ನು ಒಪ್ಪಿಕೊಂಡರು.

ಎರಡನೆಯ ಮಹಾಯುದ್ಧದ ನಂತರ ಮನೆಗಳಲ್ಲಿ ಹೈ-ಫೈ ಸಾಧನಗಳು ಬಳಕೆಗೆ ಬಂದವು. ಆರಂಭದಲ್ಲಿ ಪತ್ರಿಕೆಗಳು ಇವುಗಳ ಸಾಮರ್ಥ್ಯವನ್ನು ಮುಖ್ಯವಾಗಿ ಅಳತೆಗಳ ಮೂಲಕ ವಿವರಿಸುತ್ತಿದ್ದವು. 1962ರಲ್ಲಿ ಜೆ. ಗೋರ್ಡನ್ ಹೋಲ್ಟ್ ಅಮೆರಿಕದಲ್ಲಿ ಸ್ಟೀರಿಯೋಫೈಲ್ ಪತ್ರಿಕೆಯನ್ನು ಆರಂಭಿಸಿ, ಸಾಧನವನ್ನು ಬಹುಕಾಲ ಕೇಳಿ ಅನುಭವವನ್ನು ಬರೆಯುವ ಪದ್ಧತಿಗೆ ಬುನಾದಿ ಹಾಕಿದರು. 1973ರಲ್ಲಿ ಹ್ಯಾರಿ ಪಿಯರ್ಸನ್ ಆರಂಭಿಸಿದ ದಿ ಆ್ಯಬ್ಸಲ್ಯೂಟ್ ಸೌಂಡ್ ಪತ್ರಿಕೆಯು ಈ ಪದ್ಧತಿಯನ್ನು ಬೆಳೆಸಿತು. ಇಲ್ಲಿ ವಿಮರ್ಶಕರಿಗೆ ತಾವು ಕೇಳುತ್ತಿರುವ ಸಾಧನದ ಹೆಸರು ಮತ್ತು ಬೆಲೆ ತಿಳಿದೇ ಇರುತ್ತಿತ್ತು. ವ್ಯಕ್ತಿನಿಷ್ಠ ವಿಮರ್ಶೆಯ ಪ್ರವರ್ತಕರೆನಿಸಿದ ಹೋಲ್ಟ್ ಅವರೇ ತಮ್ಮ ಕೊನೆಯ ವರ್ಷಗಳಲ್ಲಿ, ಮರೆ ಪರೀಕ್ಷೆಯಂತಹ ಮೂಲಭೂತ ನಿಯಂತ್ರಣಗಳನ್ನು ಒಪ್ಪದ ಕಾರಣ ಈ ಕ್ಷೇತ್ರವು ವಿಶ್ವಾಸಾರ್ಹತೆಯನ್ನು ಕಳೆದುಕೊಂಡಿದೆ ಎಂದು ಟೀಕಿಸಿದರು.

ಪೂರ್ವಗ್ರಹದ ಮೂಲಗಳು

ನಿರೀಕ್ಷೆ

ಮಿದುಳು ಧ್ವನಿಯನ್ನು ಇದ್ದಂತೆಯೇ ದಾಖಲಿಸಿಕೊಳ್ಳುವುದಿಲ್ಲ. ಕಿವಿಯಿಂದ ಬಂದ ಸಂಕೇತಗಳನ್ನು ಹಿಂದಿನ ಅನುಭವ ಮತ್ತು ನಿರೀಕ್ಷೆಗಳೊಂದಿಗೆ ಜೋಡಿಸಿ ಅರ್ಥೈಸುತ್ತದೆ. ಗದ್ದಲದ ನಡುವೆಯೂ ಪರಿಚಿತ ಭಾಷೆಯ ಮಾತು ತಿಳಿಯುವುದು ಈ ಸಾಮರ್ಥ್ಯದಿಂದಲೇ. ಇದೇ ಸಾಮರ್ಥ್ಯವು ದುಬಾರಿ ಸಾಧನವನ್ನು ಕೇಳುವಾಗ, ಅದು ಉತ್ತಮವಾಗಿಯೇ ಇರಬೇಕೆಂಬ ನಿರೀಕ್ಷೆಯನ್ನು ಅನುಭವದೊಳಕ್ಕೆ ಸೇರಿಸುತ್ತದೆ. ವೈದ್ಯಕೀಯದಲ್ಲಿ ಔಷಧವಿಲ್ಲದ ಮಾತ್ರೆಯಿಂದಲೂ ಕೆಲವು ರೋಗಿಗಳಿಗೆ ಉಪಶಮನ ದೊರೆಯುವ ಪ್ಲಾಸಿಬೋ ಪರಿಣಾಮವನ್ನು ಇದಕ್ಕೆ ಹೋಲಿಸಲಾಗುತ್ತದೆ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದೇ ವೈನನ್ನು ಬೇರೆ ಬೇರೆ ಬೆಲೆ ಹೇಳಿ ಕೊಟ್ಟಾಗ, ಹೆಚ್ಚಿನ ಬೆಲೆ ಹೇಳಿದ ವೈನ್ ಹೆಚ್ಚು ರುಚಿಕರವೆಂದು ಭಾಗವಹಿಸಿದವರು ತಿಳಿಸಿದರು. ಸುಖಾನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆಯೂ ಆಗ ಹೆಚ್ಚಿತ್ತು. ನಿರೀಕ್ಷೆಯು ಹೇಳಿಕೆಯನ್ನಷ್ಟೇ ಅಲ್ಲ, ಅನುಭವವನ್ನೂ ಬದಲಿಸುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಹಣ ಕೊಟ್ಟು ಕೊಂಡ ನಂತರ ತನ್ನ ಆಯ್ಕೆ ಸರಿಯೆಂದು ಸಮರ್ಥಿಸಿಕೊಳ್ಳುವ ಪ್ರವೃತ್ತಿಯೂ ಇದರೊಂದಿಗೆ ಸೇರುತ್ತದೆ. ತನ್ನ ನಂಬಿಕೆಗೆ ಪೂರಕವಾದುದನ್ನು ಮಾತ್ರ ಗಮನಿಸುವ ಈ ಗುಣವನ್ನು ದೃಢೀಕರಣ ಪೂರ್ವಗ್ರಹ ಎನ್ನುತ್ತಾರೆ.

ದೃಷ್ಟಿಯ ಪ್ರಭಾವ

ಕಣ್ಣಿಗೆ ಕಾಣುವುದು ಕಿವಿಗೆ ಕೇಳಿಸುವುದನ್ನು ಬದಲಿಸಬಲ್ಲದು. 1976ರಲ್ಲಿ ಹ್ಯಾರಿ ಮೆಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ ವಿವರಿಸಿದ ಮೆಗರ್ಕ್ ಪರಿಣಾಮದಲ್ಲಿ, 'ಬ' ಎಂಬ ಧ್ವನಿಯನ್ನು ಕೇಳಿಸುತ್ತ 'ಗ' ಎನ್ನುವ ತುಟಿಗಳ ಚಲನೆಯನ್ನು ತೋರಿಸಿದರೆ, ಅನೇಕರಿಗೆ 'ದ' ಎಂದು ಕೇಳಿಸುತ್ತದೆ. ಕಣ್ಣು ಮುಚ್ಚಿದ ಕೂಡಲೇ 'ಬ' ಕೇಳಿಸುತ್ತದೆ. ಇದರ ರಹಸ್ಯ ತಿಳಿದವರಿಗೂ ಭ್ರಮೆ ತಪ್ಪುವುದಿಲ್ಲ. ಅದೇ ರೀತಿ, ಪೂರ್ವಗ್ರಹದ ಬಗ್ಗೆ ಅರಿವಿದ್ದರೆ ಅದರಿಂದ ಪಾರಾಗಬಹುದು ಎಂಬ ಭಾವನೆಗೆ ಆಧಾರವಿಲ್ಲ.

ಧ್ವನಿಮಟ್ಟದ ವ್ಯತ್ಯಾಸ

ಎರಡು ಸಾಧನಗಳ ಹೋಲಿಕೆಯಲ್ಲಿ ಅತಿ ಸಾಮಾನ್ಯವಾಗಿ ಉಂಟಾಗುವ ದೋಷ ಧ್ವನಿಮಟ್ಟಕ್ಕೆ ಸಂಬಂಧಿಸಿದುದು. ಒಂದು ಡೆಸಿಬೆಲ್‌ಗಿಂತ ಕಡಿಮೆ ಇರುವ ವ್ಯತ್ಯಾಸವು ಕೇಳುಗರಿಗೆ 'ಜೋರು' ಎಂದು ತೋರದೆ, 'ಹೆಚ್ಚು ಸ್ಪಷ್ಟ', 'ಹೆಚ್ಚು ತುಂಬಿದ' ಧ್ವನಿಯೆಂದು ತೋರಬಹುದು. 1933ರಲ್ಲಿ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಪ್ರಕಟಿಸಿದ ಸಮಾನ ಗಟ್ಟಿತನದ ರೇಖೆಗಳು ತೋರಿಸುವಂತೆ, ಧ್ವನಿಮಟ್ಟ ಕಡಿಮೆಯಾದಾಗ ಕಿವಿಯು ತಗ್ಗಿನ ಕಂಪನಾಂಕಗಳನ್ನು ಹೆಚ್ಚು ಕಳೆದುಕೊಳ್ಳುತ್ತದೆ. ಆದ್ದರಿಂದ ಸ್ವಲ್ಪ ಜೋರಾಗಿ ನುಡಿಯುವ ಸಾಧನದಲ್ಲಿ ಮಂದ್ರದ ಸ್ವರಗಳು ಹೆಚ್ಚು ಸಮೃದ್ಧವಾಗಿ ಕೇಳಿಸುತ್ತವೆ. ಒಂದು ಡೆಸಿಬೆಲ್ ಹೆಚ್ಚಳವೆಂದರೆ ವಿದ್ಯುತ್ ಸಾಮರ್ಥ್ಯದಲ್ಲಿ ಸುಮಾರು 26 ಶೇಕಡಾ ಹೆಚ್ಚಳ. ಧ್ವನಿ ನಿಯಂತ್ರಕದ ಗುಂಡಿಯನ್ನು ಕಿವಿಯ ಅಂದಾಜಿನಿಂದ ತಿರುಗಿಸಿ ಇಷ್ಟು ನಿಖರವಾಗಿ ಹೊಂದಿಸುವುದು ಕಷ್ಟ. ಆಂಪ್ಲಿಫೈಯರ್‌ಗಳ ಗಂಭೀರ ಪರೀಕ್ಷೆಗಳಲ್ಲಿ ವೋಲ್ಟ್‌ಮೀಟರ್ ಬಳಸಿ 0.1 ಡೆಸಿಬೆಲ್ ಒಳಗೆ, ಅಂದರೆ ವೋಲ್ಟೇಜಿನಲ್ಲಿ ಸುಮಾರು 1.2 ಶೇಕಡಾ ವ್ಯತ್ಯಾಸದ ಒಳಗೆ ಮಟ್ಟವನ್ನು ಸರಿದೂಗಿಸಲಾಗುತ್ತದೆ.

ಶ್ರವಣ ಸ್ಮೃತಿ

ಧ್ವನಿಯ ಸೂಕ್ಷ್ಮ ವಿವರಗಳು ನೆನಪಿನಲ್ಲಿ ಕೆಲವೇ ಸೆಕೆಂಡುಗಳ ಕಾಲ ಉಳಿಯುತ್ತವೆ. ನಂತರ ಉಳಿಯುವುದು 'ಮೃದುವಾಗಿತ್ತು', 'ತೀಕ್ಷ್ಣವಾಗಿತ್ತು' ಎಂಬಂತಹ ಸಾರಾಂಶ ಮಾತ್ರ. ಒಂದು ಕೇಬಲ್ ತೆಗೆದು ಇನ್ನೊಂದನ್ನು ಜೋಡಿಸಲು ಹತ್ತು ನಿಮಿಷ ಹಿಡಿದರೆ, ಹೋಲಿಕೆ ನಡೆಯುವುದು ಎರಡು ಧ್ವನಿಗಳ ನಡುವೆ ಅಲ್ಲ, ಒಂದು ಧ್ವನಿ ಮತ್ತು ಒಂದು ಸಾರಾಂಶದ ನಡುವೆ. ಅಲ್ಲದೆ, ಒಂದೇ ಹಾಡನ್ನು ಎರಡನೆಯ ಬಾರಿ ಕೇಳುವಾಗ ಗಮನವು ಬೇರೆ ವಾದ್ಯದತ್ತ ಹರಿಯಬಹುದು. ಆಗ ಹಿಂದೆ ಗಮನಿಸದ ವಿವರ ಕೇಳಿಸಿ, ಅದು ಹೊಸ ಸಾಧನದ ಕೊಡುಗೆಯೆಂದು ಭಾವಿಸುವ ಸಾಧ್ಯತೆಯಿದೆ.

ಕೊಠಡಿ ಮತ್ತು ಕುಳಿತ ಸ್ಥಳ

10,000 ಹರ್ಟ್ಸ್ ಕಂಪನಾಂಕದ ಧ್ವನಿಯ ತರಂಗಾಂತರ ಸುಮಾರು 3.4 ಸೆಂಟಿಮೀಟರ್. ಸ್ಪೀಕರ್‌ನಿಂದ ನೇರವಾಗಿ ಬಂದ ಅಲೆಗಳೂ ಗೋಡೆಗಳಿಂದ ಪ್ರತಿಫಲಿಸಿದ ಅಲೆಗಳೂ ಸೇರುವುದರಿಂದ, ತಲೆಯನ್ನು ಕೆಲವೇ ಸೆಂಟಿಮೀಟರ್ ಸರಿಸಿದರೂ ಕಿವಿಗೆ ತಲುಪುವ ಧ್ವನಿ ಅಳತೆಗೆ ಸಿಗುವಷ್ಟು ಬದಲಾಗುತ್ತದೆ. ಎದ್ದುಹೋಗಿ ಕೇಬಲ್ ಬದಲಿಸಿ ಮರಳಿ ಬಂದು ಕುಳಿತವರಿಗೆ ಕೇಳಿಸುವ ವ್ಯತ್ಯಾಸವು ನಿಜವೇ ಆಗಿದ್ದು, ಅದರ ಕಾರಣ ಕೇಬಲ್ ಆಗಿರದೆ ಕುಳಿತ ಸ್ಥಳವಾಗಿರಬಹುದು.

ಮರೆ ಪರೀಕ್ಷೆಯ ವಿಧಾನಗಳು

ಏಕ ಮರೆ ಪರೀಕ್ಷೆಯಲ್ಲಿ ಸಾಧನ ಯಾವುದೆಂದು ಕೇಳುಗರಿಗೆ ತಿಳಿದಿರುವುದಿಲ್ಲ. ಇಮ್ಮಡಿ ಮರೆ ಪರೀಕ್ಷೆಯಲ್ಲಿ ಅದನ್ನು ನಡೆಸುವವರಿಗೂ ತಿಳಿದಿರುವುದಿಲ್ಲ. ಎರಡನೆಯ ವಿಧಾನದ ಅಗತ್ಯಕ್ಕೆ ಜರ್ಮನಿಯ 'ಕ್ಲೆವರ್ ಹಾನ್ಸ್' ಎಂಬ ಕುದುರೆಯ ಪ್ರಸಂಗವನ್ನು ಉದಾಹರಿಸಲಾಗುತ್ತದೆ. ಈ ಕುದುರೆ ಗೊರಸಿನಿಂದ ನೆಲ ಕುಟ್ಟಿ ಲೆಕ್ಕಗಳಿಗೆ ಉತ್ತರಿಸುತ್ತದೆಂದು ನಂಬಲಾಗಿತ್ತು. ಅದು ಪ್ರಶ್ನೆ ಕೇಳಿದವರ ಮುಖ ಮತ್ತು ಮೈಯ ಸೂಕ್ಷ್ಮ ಚಲನೆಗಳನ್ನು ಗಮನಿಸಿ ಕುಟ್ಟುವುದನ್ನು ನಿಲ್ಲಿಸುತ್ತಿತ್ತು ಎಂಬುದನ್ನು 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ತೋರಿಸಿಕೊಟ್ಟರು. ಆ ಚಲನೆಗಳು ಪ್ರಶ್ನಿಸಿದವರ ಅರಿವಿಗೆ ಬಂದಿರಲಿಲ್ಲ.

ಎಬಿಎಕ್ಸ್ ಪರೀಕ್ಷೆ

ಎಬಿಎಕ್ಸ್ ಪರೀಕ್ಷೆಯಲ್ಲಿ ಕೇಳುಗರಿಗೆ ಎ ಮತ್ತು ಬಿ ಎಂಬ ಎರಡು ತಿಳಿದ ಧ್ವನಿಗಳನ್ನೂ ಎಕ್ಸ್ ಎಂಬ ಅಜ್ಞಾತ ಧ್ವನಿಯನ್ನೂ ನೀಡಲಾಗುತ್ತದೆ. ಎಕ್ಸ್ ಎಂಬುದು ಎ ಅಥವಾ ಬಿ ಆಗಿದ್ದು, ಯಾವುದೆಂದು ಗುರುತಿಸಬೇಕು. ಬೇಕಾದಷ್ಟು ಬಾರಿ ಬದಲಿಸಿ ಕೇಳಲು ಅವಕಾಶವಿರುತ್ತದೆ. ಈ ವಿಧಾನದ ಮೂಲರೂಪವನ್ನು 1950ರಲ್ಲಿ ಬೆಲ್ ಪ್ರಯೋಗಾಲಯದ ಮನ್ಸನ್ ಮತ್ತು ಮಾರ್ಕ್ ಗಾರ್ಡ್‌ನರ್ ಪ್ರಕಟಿಸಿದರು. ಧ್ವನಿ ಸಾಧನಗಳ ಹೋಲಿಕೆಗಾಗಿ ಸ್ವಿಚ್ ಪೆಟ್ಟಿಗೆಯ ರೂಪದಲ್ಲಿ ಬೆಳೆದ ವಿಧಾನವನ್ನು 1982ರಲ್ಲಿ ಡೇವಿಡ್ ಕ್ಲಾರ್ಕ್ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದರು. ಇಂದು ಫೂಬಾರ್2000 ಮುಂತಾದ ತಂತ್ರಾಂಶಗಳ ಸಹಾಯದಿಂದ ಎರಡು ಧ್ವನಿ ಕಡತಗಳನ್ನು ಗಣಕದಲ್ಲಿಯೇ ಹೀಗೆ ಹೋಲಿಸಬಹುದು.

ಫಲಿತಾಂಶದ ಲೆಕ್ಕಾಚಾರ

ವ್ಯತ್ಯಾಸ ಕೇಳಿಸದೆ ಊಹೆಯಿಂದ ಉತ್ತರಿಸಿದರೂ ಎಬಿಎಕ್ಸ್ ಪರೀಕ್ಷೆಯಲ್ಲಿ ಅರ್ಧದಷ್ಟು ಉತ್ತರಗಳು ಸರಿಯಾಗುತ್ತವೆ. ಆದ್ದರಿಂದ ಒಂದೆರಡು ಸರಿಯುತ್ತರಗಳಿಂದ ಏನೂ ಸಿದ್ಧವಾಗುವುದಿಲ್ಲ. 16 ಸುತ್ತುಗಳಲ್ಲಿ 12 ಅಥವಾ ಹೆಚ್ಚು ಸರಿಯುತ್ತರಗಳು ಕೇವಲ ಊಹೆಯಿಂದ ಬರುವ ಸಂಭವನೀಯತೆ ಸುಮಾರು 3.8 ಶೇಕಡಾ. 10 ಸುತ್ತುಗಳಲ್ಲಿ 8 ಅಥವಾ ಹೆಚ್ಚು ಸರಿಯಾಗುವ ಸಂಭವನೀಯತೆ ಸುಮಾರು 5.5 ಶೇಕಡಾ. ಈ ಸಂಭವನೀಯತೆ 5 ಶೇಕಡಾಕ್ಕಿಂತ ಕಡಿಮೆಯಿದ್ದರೆ ವ್ಯತ್ಯಾಸ ಕೇಳಿಸಿದೆ ಎಂದು ಪರಿಗಣಿಸುವುದು ವಾಡಿಕೆ. ಆದರೆ 20 ಜನರನ್ನು ಪರೀಕ್ಷಿಸಿ, ಅವರಲ್ಲಿ 12 ಅಂಕ ಗಳಿಸಿದ ಒಬ್ಬರನ್ನು ಮಾತ್ರ 'ಸೂಕ್ಷ್ಮ ಕಿವಿಯವರು' ಎಂದು ಆರಿಸುವುದು ತಪ್ಪು. ಎಲ್ಲರೂ ನಾಣ್ಯ ಚಿಮ್ಮಿ ಉತ್ತರಿಸಿದ್ದರೂ ಅಂತಹ ಒಬ್ಬರಾದರೂ ಸಿಗುವ ಸಂಭವನೀಯತೆ ಅರ್ಧಕ್ಕಿಂತ ಹೆಚ್ಚು. ಅವರನ್ನು ಮತ್ತೊಮ್ಮೆ ಪರೀಕ್ಷಿಸುವುದು ಸರಿಯಾದ ಕ್ರಮ.

ಅಂತರರಾಷ್ಟ್ರೀಯ ಮಾನದಂಡಗಳು

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಧ್ವನಿಯ ಸೂಕ್ಷ್ಮ ದೋಷಗಳನ್ನು ಗುರುತಿಸಲು ಬಿಎಸ್.1116 ಎಂಬ ಶಿಫಾರಸನ್ನೂ, ಮಧ್ಯಮ ಗುಣಮಟ್ಟದ ಧ್ವನಿಯನ್ನು ಹೋಲಿಸಲು ಮುಶ್ರಾ ಎಂದು ಪರಿಚಿತವಾದ ಬಿಎಸ್.1534 ಶಿಫಾರಸನ್ನೂ ರೂಪಿಸಿದೆ. ಮುಶ್ರಾದಲ್ಲಿ ಕೇಳುಗರು ಪ್ರತಿ ಮಾದರಿಗೆ 0ಯಿಂದ 100ರವರೆಗೆ ಅಂಕ ನೀಡುತ್ತಾರೆ. ಮಾದರಿಗಳ ನಡುವೆ ಮೂಲಧ್ವನಿಯನ್ನೂ, 3.5 ಕಿಲೋಹರ್ಟ್ಸ್‌ಗಿಂತ ಮೇಲಿನ ಕಂಪನಾಂಕಗಳನ್ನು ತೆಗೆದುಹಾಕಿದ ಕಳಪೆ ಧ್ವನಿಯನ್ನೂ ಹೆಸರಿಲ್ಲದೆ ಸೇರಿಸಲಾಗಿರುತ್ತದೆ. ಮೂಲಧ್ವನಿಗೇ ಪದೇಪದೇ ಕಡಿಮೆ ಅಂಕ ಕೊಟ್ಟವರ ಉತ್ತರಗಳನ್ನು ಕೈಬಿಡಲಾಗುತ್ತದೆ. ಹೀಗೆ ಸಾಧನದ ಜೊತೆಗೆ ಕೇಳುಗರೂ ಪರೀಕ್ಷೆಗೆ ಒಳಗಾಗುತ್ತಾರೆ.

ಪ್ರಮುಖ ಅಧ್ಯಯನಗಳು

ಸ್ಪೀಕರ್‌ಗಳು

ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿಯೂ ನಂತರ ಹಾರ್ಮನ್ ಕಂಪನಿಯಲ್ಲಿಯೂ ಕೆಲಸ ಮಾಡಿದ ಫ್ಲಾಯ್ಡ್ ಟೂಲ್, ತಮ್ಮ ಸಹೋದ್ಯೋಗಿ ಶಾನ್ ಆಲಿವ್ ಅವರೊಂದಿಗೆ 1994ರಲ್ಲಿ ಮಂಡಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಹೆಚ್ಚು ಉಲ್ಲೇಖಿಸಲ್ಪಡುತ್ತದೆ. ಹಾರ್ಮನ್ ಕಂಪನಿಯ 40 ಉದ್ಯೋಗಿಗಳು ನಾಲ್ಕು ಸ್ಪೀಕರ್‌ಗಳನ್ನು ಒಮ್ಮೆ ಪರದೆಯ ಮರೆಯಲ್ಲಿಯೂ ಒಮ್ಮೆ ಕಣ್ಣಿಗೆ ಕಾಣುವಂತೆಯೂ ಕೇಳಿ ಅಂಕ ನೀಡಿದರು. ಸ್ಪೀಕರ್‌ಗಳು ಕಾಣುತ್ತಿದ್ದಾಗ ದೊಡ್ಡ ಹಾಗೂ ದುಬಾರಿ ಸ್ಪೀಕರ್‌ಗಳ ಅಂಕ ಏರಿತು, ಚಿಕ್ಕ ಹಾಗೂ ಅಗ್ಗದ ಸ್ಪೀಕರ್‌ನ ಅಂಕ ಇಳಿಯಿತು. ಸ್ಪೀಕರ್ ಇಟ್ಟ ಸ್ಥಳವನ್ನು ಬದಲಿಸಿದಾಗ ಧ್ವನಿಯಲ್ಲಿ ಆದ ನಿಜವಾದ ಬದಲಾವಣೆಗಳನ್ನು ಮರೆ ಪರೀಕ್ಷೆಯಲ್ಲಿ ಗುರುತಿಸಿದ್ದ ಕೇಳುಗರು, ತೆರೆದ ಪರೀಕ್ಷೆಯಲ್ಲಿ ಅವುಗಳಿಗೆ ಅಷ್ಟಾಗಿ ಸ್ಪಂದಿಸಲಿಲ್ಲ. ಪೂರ್ವಗ್ರಹವು ಇಲ್ಲದ ವ್ಯತ್ಯಾಸವನ್ನು ಕೇಳಿಸುವುದರ ಜೊತೆಗೆ ಇರುವ ವ್ಯತ್ಯಾಸವನ್ನು ಮುಚ್ಚಿಬಿಡಲೂಬಹುದು ಎಂಬುದು ಇದರಿಂದ ತಿಳಿದುಬಂದಿತು. ಅನುಭವಿ ಕೇಳುಗರೂ ಈ ಪ್ರಭಾವದಿಂದ ಹೊರತಾಗಿರಲಿಲ್ಲ.

ಇದೇ ಕ್ಷೇತ್ರದ ಇನ್ನೊಂದು ಮುಖ್ಯ ಫಲಿತಾಂಶವೆಂದರೆ, ಮರೆ ಪರೀಕ್ಷೆಯಲ್ಲಿ ಕೇಳುಗರ ಅಭಿಪ್ರಾಯಗಳು ಬಹುಮಟ್ಟಿಗೆ ಒಂದಾಗುತ್ತವೆ. ಆಲಿವ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 268 ಕೇಳುಗರಲ್ಲಿ ತರಬೇತಿ ಪಡೆದವರೂ ಪಡೆಯದವರೂ ಸ್ಪೀಕರ್‌ಗಳಿಗೆ ಬಹುತೇಕ ಒಂದೇ ಕ್ರಮಾಂಕ ನೀಡಿದರು. ಎಲ್ಲ ಕಂಪನಾಂಕಗಳನ್ನೂ ಏರಿಳಿತವಿಲ್ಲದೆ ಸಮವಾಗಿ ನುಡಿಸುವ ಸ್ಪೀಕರ್‌ಗಳಿಗೆ ಮೆಚ್ಚುಗೆ ದೊರೆಯಿತು.

ಆಂಪ್ಲಿಫೈಯರ್‌ಗಳು

1987ರ ಜನವರಿಯಲ್ಲಿ ಅಮೆರಿಕದ ಸ್ಟೀರಿಯೋ ರಿವ್ಯೂ ಪತ್ರಿಕೆಯು ಸುಮಾರು 220 ಡಾಲರ್‌ನಿಂದ 12,000 ಡಾಲರ್ ಬೆಲೆಯವರೆಗಿನ ಆಂಪ್ಲಿಫೈಯರ್‌ಗಳ ಮರೆ ಪರೀಕ್ಷೆಯನ್ನು ಪ್ರಕಟಿಸಿತು. ಆಂಪ್ಲಿಫೈಯರ್‌ಗಳ ಧ್ವನಿಯಲ್ಲಿ ವ್ಯತ್ಯಾಸವಿದೆ ಎಂದು ನಂಬಿದವರೂ ನಂಬದವರೂ ಇದರಲ್ಲಿ ಭಾಗವಹಿಸಿದ್ದರು. ಒಟ್ಟು ಫಲಿತಾಂಶವು ಊಹೆಯಿಂದ ಬರುವ ಫಲಿತಾಂಶಕ್ಕಿಂತ ಭಿನ್ನವಾಗಿರಲಿಲ್ಲ. ಇದರಿಂದ ಎಲ್ಲ ಆಂಪ್ಲಿಫೈಯರ್‌ಗಳೂ ಒಂದೇ ಎಂದು ಅರ್ಥವಾಗುವುದಿಲ್ಲ. ಮಿತಿಮೀರಿದ ವಿರೂಪ, ಸಾಕಷ್ಟಿಲ್ಲದ ಸಾಮರ್ಥ್ಯ ಅಥವಾ ಸ್ಪೀಕರ್‌ಗೆ ಹೊಂದದ ವಿನ್ಯಾಸವಿದ್ದಾಗ ವ್ಯತ್ಯಾಸ ಕೇಳಿಸುತ್ತದೆ.

ಹೆಚ್ಚಿನ ರೆಸಲ್ಯೂಷನ್‌ನ ಡಿಜಿಟಲ್ ಧ್ವನಿ

2007ರಲ್ಲಿ ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೋರನ್, ಸಿ.ಡಿ.ಗಿಂತ ಹೆಚ್ಚಿನ ರೆಸಲ್ಯೂಷನ್‌ನ ಧ್ವನಿಯನ್ನು ಸಿ.ಡಿ. ಮಟ್ಟಕ್ಕೆ ಇಳಿಸಿದಾಗ ವ್ಯತ್ಯಾಸ ಕೇಳಿಸುವುದೇ ಎಂದು ಪರೀಕ್ಷಿಸಿದರು. 554 ಸುತ್ತುಗಳಲ್ಲಿ 276 ಉತ್ತರಗಳು ಮಾತ್ರ, ಅಂದರೆ 49.8 ಶೇಕಡಾ, ಸರಿಯಾಗಿದ್ದವು. 2016ರಲ್ಲಿ ಜೋಶುವಾ ರೈಸ್ 18 ಅಧ್ಯಯನಗಳ ದತ್ತಾಂಶವನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ 52.3 ಶೇಕಡಾ ಉತ್ತರಗಳು ಸರಿಯಾಗಿದ್ದವು. ತರಬೇತಿ ಪಡೆದ ಕೇಳುಗರಲ್ಲಿ ಈ ಪ್ರಮಾಣ ಇನ್ನಷ್ಟು ಹೆಚ್ಚಿತ್ತು. ವ್ಯತ್ಯಾಸವು ಸಣ್ಣದಾದರೂ ಇದೆ ಎಂದು ಈ ವಿಶ್ಲೇಷಣೆ ತೀರ್ಮಾನಿಸಿತು.

ಪಿಟೀಲುಗಳು

ಪೂರ್ವಗ್ರಹದ ಪ್ರಶ್ನೆ ಸಂಗೀತ ವಾದ್ಯಗಳಿಗೂ ಅನ್ವಯಿಸುತ್ತದೆ. ಕ್ಲಾಡಿಯಾ ಫ್ರಿಟ್ಜ್ ಮತ್ತು ಸಂಗಡಿಗರು 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 21 ಪಿಟೀಲು ವಾದಕರಿಗೆ ಮೂರು ಹೊಸ ಪಿಟೀಲುಗಳನ್ನೂ, ಇಟಲಿಯ ಪ್ರಸಿದ್ಧ ಕುಶಲಕರ್ಮಿಗಳಾದ ಸ್ಟ್ರಾಡಿವರಿ ಮತ್ತು ಗ್ವಾರ್ನೇರಿ ತಯಾರಿಸಿದ ಮೂರು ಹಳೆಯ ಪಿಟೀಲುಗಳನ್ನೂ ನುಡಿಸಲು ನೀಡಿದರು. ವಾದಕರು ಕಪ್ಪು ಕನ್ನಡಕ ಧರಿಸಿದ್ದರು. ಹಳೆಯ ಮರದ ವಾಸನೆಯಿಂದ ವಾದ್ಯ ಪತ್ತೆಯಾಗದಂತೆ ಗಲ್ಲವಿಡುವ ಭಾಗಕ್ಕೆ ಸುಗಂಧ ಹಚ್ಚಲಾಗಿತ್ತು. ಅತಿ ಹೆಚ್ಚು ಮೆಚ್ಚುಗೆ ಪಡೆದುದು ಒಂದು ಹೊಸ ಪಿಟೀಲು, ಅತಿ ಕಡಿಮೆ ಮೆಚ್ಚುಗೆ ಪಡೆದುದು ಒಂದು ಸ್ಟ್ರಾಡಿವರಿ.

ಮೊಬೈಲ್ ಫಿಡೆಲಿಟಿ ವಿವಾದ

2022ರಲ್ಲಿ ಬೆಳಕಿಗೆ ಬಂದ ಒಂದು ಪ್ರಕರಣವು ಯಾರೂ ಯೋಜಿಸದ ಮರೆ ಪರೀಕ್ಷೆಯಂತಾಯಿತು. ಅಮೆರಿಕದ ಮೊಬೈಲ್ ಫಿಡೆಲಿಟಿ ಸೌಂಡ್ ಲ್ಯಾಬ್ ಕಂಪನಿಯ ದುಬಾರಿ ಗ್ರಾಮಫೋನ್ ತಟ್ಟೆಗಳು ಮೂಲ ಟೇಪಿನಿಂದ ನೇರವಾಗಿ, ಡಿಜಿಟಲ್ ಹಂತವಿಲ್ಲದೆ ತಯಾರಾಗುತ್ತವೆ ಎಂದು ಅನೇಕ ಗ್ರಾಹಕರು ನಂಬಿದ್ದರು. ಡಿಜಿಟಲ್ ಧ್ವನಿಯನ್ನು ಒಪ್ಪದವರೂ ಅವುಗಳನ್ನು ಮೆಚ್ಚಿಕೊಂಡಿದ್ದರು. ಹಲವು ವರ್ಷಗಳಿಂದ ಅನೇಕ ತಟ್ಟೆಗಳ ತಯಾರಿಕೆಯಲ್ಲಿ ಡಿಜಿಟಲ್ ಪ್ರತಿಯನ್ನು ಬಳಸಲಾಗಿತ್ತೆಂಬುದನ್ನು ಕಂಪನಿಯ ಎಂಜಿನಿಯರುಗಳು ಒಪ್ಪಿಕೊಂಡಾಗ ವಿವಾದ ಉಂಟಾಯಿತು, ಗ್ರಾಹಕರು ಮೊಕದ್ದಮೆ ಹೂಡಿದರು. ತಟ್ಟೆಗಳ ಧ್ವನಿ ಮೊದಲಿನಂತೆಯೇ ಇತ್ತು, ಬದಲಾದುದು ಅವುಗಳ ಕುರಿತ ತಿಳಿವಳಿಕೆ ಮಾತ್ರ.

ಆಕ್ಷೇಪಗಳು ಮತ್ತು ಮಿತಿಗಳು

ಮರೆ ಪರೀಕ್ಷೆಗಳ ಬಗ್ಗೆ ಹಲವು ಆಕ್ಷೇಪಗಳಿವೆ. ಪರೀಕ್ಷೆಯ ಒತ್ತಡದಿಂದ ಕೇಳುಗರ ಸೂಕ್ಷ್ಮತೆ ಕುಗ್ಗುತ್ತದೆ, ಸ್ವಲ್ಪ ಹೊತ್ತಿನ ತುಣುಕುಗಳಲ್ಲಿ ಕೇಳಿಸದ ದೋಷವು ತಿಂಗಳುಗಟ್ಟಲೆ ಕೇಳಿದಾಗ ಬೇಸರ ತರಬಹುದು, ಸ್ವಿಚ್ ಪೆಟ್ಟಿಗೆಯೇ ವ್ಯತ್ಯಾಸವನ್ನು ಮಸುಕುಗೊಳಿಸಬಹುದು ಎಂಬುವು ಇವುಗಳಲ್ಲಿ ಮುಖ್ಯವಾದವು. ದೀರ್ಘಕಾಲದ ಆಲಿಸುವಿಕೆಯನ್ನೂ ಮರೆಯಲ್ಲಿ ನಡೆಸಬಹುದು, ಮರೆ ಪರೀಕ್ಷೆಗೆ ಕಾಲಮಿತಿಯ ನಿಯಮವಿಲ್ಲ ಎಂದು ಸಮರ್ಥಕರು ಉತ್ತರಿಸುತ್ತಾರೆ. ಕೇಳಿಸುವುದೆಂದು ತಿಳಿದಿರುವ ಒಂದು ಸೂಕ್ಷ್ಮ ದೋಷವನ್ನು ಬೇಕೆಂದೇ ಸೇರಿಸಿ, ಕೇಳುಗರು ಅದನ್ನು ಹಿಡಿಯುವರೇ ಎಂದು ನೋಡುವ ಮೂಲಕ ಪರೀಕ್ಷೆಯ ಸೂಕ್ಷ್ಮತೆಯನ್ನೂ ಅಳೆಯಬಹುದು.

ಸುತ್ತುಗಳ ಸಂಖ್ಯೆ ಕಡಿಮೆಯಿದ್ದರೆ, ಇರುವ ಸಣ್ಣ ವ್ಯತ್ಯಾಸವೂ ಫಲಿತಾಂಶದಲ್ಲಿ ಕಾಣದೆ ಹೋಗುತ್ತದೆ. ವ್ಯತ್ಯಾಸ ಪತ್ತೆಯಾಗಲಿಲ್ಲ ಎಂಬುದಕ್ಕೂ ವ್ಯತ್ಯಾಸವಿಲ್ಲ ಎಂಬುದಕ್ಕೂ ಅಂತರವಿದೆ. ವ್ಯತ್ಯಾಸವೇ ಇರಲಾರದೆಂದು ಮೊದಲೇ ನಿರ್ಧರಿಸಿದ ಕೇಳುಗರು ಶ್ರದ್ಧೆಯಿಂದ ಆಲಿಸದಿರಬಹುದು. ಮರೆಯಿಂದ ಈ ಪೂರ್ವಗ್ರಹ ನಿವಾರಣೆಯಾಗುವುದಿಲ್ಲ. ಹೆಡ್‌ಫೋನ್‌ಗಳನ್ನು ಅವುಗಳ ತೂಕ ಮತ್ತು ಸ್ಪರ್ಶದಿಂದಲೇ ಗುರುತಿಸಬಹುದಾದ್ದರಿಂದ ಅವುಗಳ ಮರೆ ಪರೀಕ್ಷೆ ವಿಶೇಷವಾಗಿ ಕಷ್ಟ. ಒಂದೇ ಹೆಡ್‌ಫೋನ್‌ನಲ್ಲಿ ಇತರ ಹೆಡ್‌ಫೋನ್‌ಗಳ ಧ್ವನಿಯನ್ನು ಗಣಕದ ಮೂಲಕ ಅನುಕರಿಸುವ ವಿಧಾನವನ್ನು ಇದಕ್ಕಾಗಿ ಬಳಸಲಾಗಿದೆ.

ಸಾಧನದ ಅಂದ, ಕೆಲಸಗಾರಿಕೆ, ಒಡೆತನದ ಹೆಮ್ಮೆ ಇವು ಸಂಗೀತದ ಆನಂದದ ಭಾಗವೇ ಆಗಿರುವುದರಿಂದ ಅವುಗಳನ್ನು ಕಡೆಗಣಿಸಬಾರದು ಎಂಬ ವಾದವೂ ಇದೆ. ಆದರೆ ಅವು ಧ್ವನಿಯ ಗುಣವೆಂದು ಹೇಳಿದಾಗ, ಆ ಹೇಳಿಕೆ ಪರೀಕ್ಷೆಗೆ ಒಳಪಡುತ್ತದೆ.

ಮನೆಯಲ್ಲಿ ಹೋಲಿಕೆ

ಪ್ರಯೋಗಾಲಯದ ಸೌಲಭ್ಯವಿಲ್ಲದೆಯೂ ಕೆಲವು ಎಚ್ಚರಿಕೆಗಳಿಂದ ಹೋಲಿಕೆಯನ್ನು ಉತ್ತಮಪಡಿಸಬಹುದು. ಎರಡೂ ಸಾಧನಗಳ ಧ್ವನಿಮಟ್ಟವನ್ನು ಕಿವಿಯ ಅಂದಾಜಿನ ಬದಲು ಮೀಟರಿನಿಂದ ಸರಿಹೊಂದಿಸುವುದು, ಒಂದೇ ಸಂಗೀತದ ಚಿಕ್ಕ ಭಾಗವನ್ನು ಬಳಸುವುದು, ಕುಳಿತ ಸ್ಥಳವನ್ನು ಬದಲಿಸದಿರುವುದು, ಕೆಲವೇ ಸೆಕೆಂಡುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಿಸುವುದು ಇವುಗಳಲ್ಲಿ ಸೇರಿವೆ. ಯಾವುದನ್ನು ನುಡಿಸಬೇಕೆಂಬುದನ್ನು ಮತ್ತೊಬ್ಬರು ನಾಣ್ಯ ಚಿಮ್ಮಿ ನಿರ್ಧರಿಸಿ, ಕೇಳುಗರ ಕಣ್ಣಿಗೆ ಬೀಳದಂತೆ ಬದಲಿಸಿ, ಪ್ರತಿ ಸುತ್ತಿನ ಉತ್ತರವನ್ನು ಬರೆದಿಟ್ಟು, ಕೊನೆಯಲ್ಲಿ ಮಾತ್ರ ಫಲಿತಾಂಶವನ್ನು ನೋಡುವುದು ವಾಡಿಕೆ. ಸ್ಪೀಕರ್, ಹೆಡ್‌ಫೋನ್ ಮತ್ತು ಕೊಠಡಿಗಳ ನಡುವಿನ ವ್ಯತ್ಯಾಸಗಳು ಇಂತಹ ಹೋಲಿಕೆಯಲ್ಲಿ ಸಾಮಾನ್ಯವಾಗಿ ಸುಲಭವಾಗಿ ಕೇಳಿಸುತ್ತವೆ. ಸರಿಯಾಗಿ ಕೆಲಸ ಮಾಡುವ ಆಂಪ್ಲಿಫೈಯರ್ ಮತ್ತು ಕೇಬಲ್‌ಗಳ ನಡುವಿನ ವ್ಯತ್ಯಾಸಗಳು ಬಹುಪಾಲು ಕೇಳಿಸದೆ ಹೋಗುತ್ತವೆ.